ಮನೆಯ ಪತ್ತಾಯದಲ್ಲಿ ಮಕ್ಕಳ ಕಡತಗಳು

ಶಾಲೆ ತೆರೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ಕಾಸರಗೋಡಿನಲ್ಲಿ ಹೆಚ್ಚು ಅಂತರವಿಲ್ಲ. ಚೀಲದೊಳಗಿನ ಪುಸ್ತಕ ಒದ್ದೆಯಾದರೆ ಒಲೆಯ ಬಳಿ ಇಟ್ಟು ಒಣಗಿಸಬಹುದು. ಅದೇ ನೀರು ಮೊಬೈಲಿನೊಳಗೆ ಇಳಿದರೆ ಒಂದು ವರ್ಷದ ಟಿಪ್ಪಣಿಗಳು, ಮಾದರಿ ಪ್ರಶ್ನೆಪತ್ರಿಕೆಗಳು, ಕಲೋತ್ಸವದಲ್ಲಿ ಮಗಳು ಕಟ್ಟಿದ ಯಕ್ಷಗಾನ ವೇಷದ ಚಿತ್ರಗಳು ಒಮ್ಮೆಗೇ ಇಲ್ಲವಾಗುತ್ತವೆ. ತುಲಾ ಮಾಸದ ಸಿಡಿಲು ಲ್ಯಾಪ್‌ಟಾಪಿಗೂ ಇದೇ ಗತಿಯನ್ನು ತರಬಲ್ಲದು.

ಈ ನಷ್ಟ ಎಲ್ಲರಿಗೂ ಇದೆ. ಆದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಭಾರ ಹೆಚ್ಚು. ಮಂಗಳೂರಿನ ಅಂಗಡಿಗಳಲ್ಲಿ ದೊರೆಯುವ ಕನ್ನಡ ಮಾರ್ಗದರ್ಶಿಗಳು ಕರ್ನಾಟಕದ ಪಠ್ಯಕ್ರಮವನ್ನು ಅನುಸರಿಸಿದವು. ಕೇರಳದ ಪಠ್ಯಕ್ಕೆ ಸಿದ್ಧವಾಗುವ ಮಾರ್ಗದರ್ಶಿಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿರುತ್ತವೆ. ನಡುವಿನ ಕಂದರವನ್ನು ತುಂಬುವುದು ಅಧ್ಯಾಪಕರು ತಾವೇ ಟೈಪಿಸಿ ಹಂಚುವ ಟಿಪ್ಪಣಿಗಳು. ಕೊಂಡು ತರಲಾಗದ್ದನ್ನು ಕಾಪಾಡಿಕೊಳ್ಳುವುದೇ ಉಳಿದಿರುವ ದಾರಿ.

ಸದ್ಯ ಈ ಕಾವಲಿನ ಕೆಲಸವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ವಹಿಸಿ ಅನೇಕ ಮನೆಗಳು ನಿಶ್ಚಿಂತವಾಗಿವೆ. ಆದರೆ ಸಕಾಲದಲ್ಲಿ ಇಳಿಸಿಕೊಳ್ಳದ ಕಡತ ಅಲ್ಲಿ ಮತ್ತೆ ದೊರೆಯದೆ ಹೋಗಬಹುದು. ಗೂಗಲ್ ಖಾತೆ ಉಚಿತವಾಗಿ ನೀಡುತ್ತ ಬಂದಿರುವ 15 ಜಿ.ಬಿ. ಜಾಗವನ್ನು ಮಿಂಚಂಚೆ, ಚಿತ್ರ, ಕಡತಗಳೆಲ್ಲವೂ ಹಂಚಿಕೊಳ್ಳಬೇಕು. ಅದು ತುಂಬಿದರೆ ಬಾಡಿಗೆ ತೆರಬೇಕು. ಪರರ ಕಣಜದಲ್ಲಿ ಭತ್ತ ಇಡುವುದಕ್ಕೂ ಮನೆಯ ಪತ್ತಾಯದಲ್ಲಿ ಇಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಒಂದು ಮೊಬೈಲಿಗೆ ಸೇರಿದ ಕಡತ ತಾನಾಗಿಯೇ ಮನೆಯ ಇತರ ಯಂತ್ರಗಳಿಗೂ ತಲುಪುವಂತೆ ಮಾಡುವ, ಮನೆಯವರ ಹತೋಟಿಯಲ್ಲೇ ಇರುವ ಉಚಿತ ತಂತ್ರಾಂಶಗಳು ಈಗ ಹಲವಿವೆ. ಯಾವುದನ್ನು ಆಯ್ದುಕೊಳ್ಳಬೇಕು ಎಂಬುದಷ್ಟೇ ಪ್ರಶ್ನೆ.

ಮುಖ್ಯವಾಗಿ ಮೂರು ಹೆಸರುಗಳು ಕೇಳಿಬರುತ್ತವೆ. ಮೊದಲನೆಯದು ನೆಕ್ಸ್ಟ್‌ಕ್ಲೌಡ್. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದ ಇದರಲ್ಲಿ ಕಡತಗಳ ಜೊತೆಗೆ ದಿನದರ್ಶಿ, ವಿಳಾಸಪಟ್ಟಿ ಮುಂತಾದ ಸೌಕರ್ಯಗಳೂ ಇವೆ. ಆದರೆ ಸದಾ ಚಾಲನೆಯಲ್ಲಿರುವ ಒಂದು ಕಂಪ್ಯೂಟರ್ ಇದಕ್ಕೆ ಬೇಕು; ಅದನ್ನು ಕಾಲಕಾಲಕ್ಕೆ ನವೀಕರಿಸುವವರೂ ಬೇಕು. ಆರೈಕೆಯಿಲ್ಲದೆ ಅಂತರ್ಜಾಲಕ್ಕೆ ತೆರೆದಿಟ್ಟರೆ ಅದು ಬಾಗಿಲು ಹಾಕದ ಮನೆಯಾದೀತು. ಎರಡನೆಯದು ಸೀಫೈಲ್. ದೊಡ್ಡ ಕಡತದಲ್ಲಿ ಬದಲಾದ ಭಾಗವನ್ನಷ್ಟೇ ಕಳುಹಿಸುವುದರಿಂದ ಇದು ವೇಗವಾಗಿದೆ. ಆದರೆ ಸರ್ವರಿನಲ್ಲಿ ಕಡತಗಳನ್ನು ತನ್ನದೇ ರೀತಿಯಲ್ಲಿ ತುಂಡುಗಳಾಗಿಸಿ ಇಡುವುದರಿಂದ, ಆ ತಂತ್ರಾಂಶ ಕೆಟ್ಟರೆ ಅಲ್ಲಿರುವ ಕಡತಗಳನ್ನು ನೇರವಾಗಿ ತೆರೆಯಲಾಗದು.

ಮೂರನೆಯದು ಸಿಂಕ್‌ತಿಂಗ್. 2013ರಲ್ಲಿ ಮೊದಲು ಬಿಡುಗಡೆಯಾದ ಇದಕ್ಕೆ ಕಡತಗಳನ್ನಿಡುವ ಸರ್ವರೇ ಬೇಡ. ಎರಡು ಯಂತ್ರಗಳಲ್ಲಿ ಇದನ್ನು ಸ್ಥಾಪಿಸಿ, ಒಂದರ ಗುರುತಿನ ಸಂಕೇತವನ್ನು ಇನ್ನೊಂದಕ್ಕೆ ತಿಳಿಸಿ, ಹಂಚಬೇಕಾದ ಫೋಲ್ಡರನ್ನು ಇಬ್ಬದಿಯಲ್ಲೂ ಒಪ್ಪಿದರೆ ಸಾಕು. ಒಂದೇ ವೈಫೈಯಲ್ಲಿದ್ದರೆ ಅಂತರ್ಜಾಲ ಕಡಿದ ದಿನವೂ ಕೆಲಸ ನಡೆಯುತ್ತದೆ; ಗಾಳಿಮಳೆಯ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ದೂರದ ಯಂತ್ರಗಳ ನಡುವೆ ಅಂತರ್ಜಾಲದ ಮೂಲಕ ಗೂಢಲಿಪಿಯಲ್ಲಿ ರವಾನೆಯಾಗುತ್ತದೆ. ಗಲ್ಫಿನಲ್ಲಿ ದುಡಿಯುವ ತಂದೆಯ ಲ್ಯಾಪ್‌ಟಾಪಿಗೂ ಅದೇ ಫೋಲ್ಡರ್ ಸೇರಿದರೆ, ಊರಿನ ಮನೆಗೆ ಸಿಡಿಲು ಬಡಿದರೂ ಕಡತ ಕಡಲಾಚೆ ಸುರಕ್ಷಿತ. ಆದರೆ ನೇರ ರವಾನೆಗೆ ಎರಡೂ ಯಂತ್ರಗಳು ಏಕಕಾಲದಲ್ಲಿ ಚಾಲನೆಯಲ್ಲಿರಬೇಕು. ಬ್ಯಾಟರಿ ಉಳಿಸುವ ಏರ್ಪಾಡು ಆ್ಯಪನ್ನು ನಿಲ್ಲಿಸದಂತೆಯೂ ಮೊಬೈಲಿನಲ್ಲಿ ನೋಡಿಕೊಳ್ಳಬೇಕು.

ಯಾವ ತಂತ್ರಾಂಶವನ್ನೇ ಆಯ್ದರೂ ಅದನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆಂದು ವಿಚಾರಿಸುವುದು ಅಗತ್ಯ. ಸಿಂಕ್‌ತಿಂಗ್‌ನ ಮೂಲ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಅದರಿಂದ ಕವಲೊಡೆದ 'ಸಿಂಕ್‌ತಿಂಗ್-ಫೋರ್ಕ್' ಎಂಬುದನ್ನು ಬೇರೆಯವರು ಮುಂದುವರಿಸಿದರು. ಮುಕ್ತ ತಂತ್ರಾಂಶದ ಶಕ್ತಿಯೂ ಮಿತಿಯೂ ಇದೇ: ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬಹುದು, ಆದರೆ ಎತ್ತಿಕೊಂಡವರು ಯಾರೆಂದು ಬಳಸುವವರು ತಿಳಿದಿರಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕಡತಗಳನ್ನು ಸರಿಹೊಂದಿಸುವುದು ಬೇರೆ, ಕಾಪಿಡುವುದು ಬೇರೆ. ಮಗು ಮೊಬೈಲಿನಲ್ಲಿ ಅರಿಯದೆ ಒಂದು ಫೋಲ್ಡರನ್ನು ಅಳಿಸಿದರೆ, ಅದು ಇತರ ಯಂತ್ರಗಳಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಸಿಹೋಗುತ್ತದೆ. ಆದುದರಿಂದ ಲ್ಯಾಪ್‌ಟಾಪಿನಲ್ಲಿ ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಮೊದಲ ದಿನವೇ ಜಾರಿಗೊಳಿಸಬೇಕು. ಸಿಂಕ್‌ತಿಂಗ್‌ನಲ್ಲಿ ಅದು ತಾನಾಗಿ ಜಾರಿಯಲ್ಲಿರುವುದಿಲ್ಲ. ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆದು ಕಪಾಟಿನಲ್ಲಿ ಇಡುವುದು ಇನ್ನೂ ಕ್ಷೇಮ.

ಕನ್ನಡದ್ದೇ ಆದ ಒಂದು ತೊಡಕೂ ಇದೆ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ ಟಿಪ್ಪಣಿ, ಆ ಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅದನ್ನು ಯಾವ ಸಾಧನವೂ ಸಾಗಿಸುವಾಗ ಸರಿಪಡಿಸದು. ಯೂನಿಕೋಡಿಗೆ ಪರಿವರ್ತಿಸಿಯೇ ಫೋಲ್ಡರಿಗೆ ಸೇರಿಸಬೇಕು. ಯೂನಿಕೋಡಿನಲ್ಲೂ 'ಕೋ' ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಲು ಸಾಧ್ಯ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಯಂತ್ರಕ್ಕೆ ಬೇರೆಬೇರೆಯಾಗಿ ತೋರುವುದುಂಟು. ಸಿಂಕ್‌ತಿಂಗ್ ಸಾಮಾನ್ಯವಾಗಿ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೂ ತರಗತಿ, ವಿಷಯ, ವರ್ಷ ಎಂಬ ಕ್ರಮದ ಚಿಕ್ಕ ಹೆಸರುಗಳೇ ಲೇಸು.

ಇದೆಲ್ಲ ತಮ್ಮಿಂದಾಗದೆಂದು ಹೆತ್ತವರು ಹಿಂಜರಿಯಬೇಕಾಗಿಲ್ಲ. ಕೇರಳದ ಶಾಲೆಗಳು ಐ.ಟಿ. ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೇ ಸ್ವತಂತ್ರ ತಂತ್ರಾಂಶಕ್ಕೆ ಒಗ್ಗಿಕೊಂಡಿವೆ. ಆ ಯೋಜನೆಯ ಮುಂದುವರಿಕೆಯಾದ ಕೈಟ್ ಸಂಸ್ಥೆ 2018ರಲ್ಲಿ 'ಲಿಟಲ್ ಕೈಟ್ಸ್' ಘಟಕಗಳನ್ನು ಆರಂಭಿಸಿತು. ಶಾಲೆಯ ಗ್ನೂ-ಲಿನಕ್ಸ್ ಯಂತ್ರಗಳಲ್ಲಿ ಪಳಗಿದ ಮಕ್ಕಳಿಗೆ ಈ ಕೆಲಸ ಕಠಿನವಾಗದು. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಕೂಡ ಅದಕ್ಕೆ ಒದಗೀತು.

ಹೀಗಾಗಿ ಎರಡು ಮೂರು ಯಂತ್ರಗಳಿರುವ ಸಾಮಾನ್ಯ ಮನೆಗೆ ಸಿಂಕ್‌ತಿಂಗ್ ಸಾಕು. ಆರೈಕೆಗೆ ಒಬ್ಬರು ಬದ್ಧರಾಗಿರುವ ಶಾಲೆಗೋ ವಾಚನಾಲಯಕ್ಕೋ ನೆಕ್ಸ್ಟ್‌ಕ್ಲೌಡ್ ಒಪ್ಪುತ್ತದೆ. ಸ್ಥಾಪಿಸಿದ ಮೇಲೆ ಒಂದು ಭಾನುವಾರ ಪರೀಕ್ಷೆಯನ್ನೂ ನಡೆಸಬೇಕು: ಬೇಡದ ಒಂದು ಕಡತವನ್ನು ಮೊಬೈಲಿನಲ್ಲಿ ಅಳಿಸಿ, ಲ್ಯಾಪ್‌ಟಾಪಿನ ಹಳೆಯ ಪ್ರತಿಯಿಂದ ಮರಳಿ ತರಬೇಕು. ಅದು ಮರಳಿ ಬಂದರೆ, ಮುಂದಿನ ಮಳೆಗೆ ಮನೆ ಸಿದ್ಧವಾಗಿದೆ ಎಂದರ್ಥ.