ಹಬ್ಬದ ಋತುವಿನ ಪಾರ್ಸೆಲ್ ಬಟವಾಡೆ: ಚಾಲಕರ ದುಡಿಮೆ, ಸಂಭಾವನೆ ಮತ್ತು ವರ್ತಕರ ಹೊಣೆ

ಗಣೇಶ ಚತುರ್ಥಿಯಿಂದ ದೀಪಾವಳಿಯವರೆಗಿನ ಅವಧಿಯು ನಮ್ಮ ವರ್ತಕರಿಗೂ ಸಣ್ಣ ಉತ್ಪಾದಕರಿಗೂ ವರ್ಷದ ವಹಿವಾಟಿನ ಅತಿ ಮುಖ್ಯ ಕಾಲವಾಗಿದೆ. ಇಳಕಲ್ಲಿನ ಸೀರೆಯಾಗಲಿ, ಚನ್ನಪಟ್ಟಣದ ಮರದ ಆಟಿಕೆಯಾಗಲಿ, ಚಿಕ್ಕಪೇಟೆಯ ಜವಳಿಯಾಗಲಿ, ಹಿಂದೆ ಗ್ರಾಹಕನೇ ಅಂಗಡಿಗೆ ಬಂದು ಕೊಳ್ಳುತ್ತಿದ್ದನು. ಈಗ ಇವುಗಳಲ್ಲಿ ಗಣನೀಯ ಭಾಗವು ಪಾರ್ಸೆಲ್ ಆಗಿ ಗ್ರಾಹಕನ ಮನೆ ಬಾಗಿಲನ್ನು ತಲುಪುತ್ತದೆ. ಗೋದಾಮಿನಿಂದ ನಗರದವರೆಗೆ ಲಾರಿಯಲ್ಲಿ ಒಟ್ಟಾಗಿ ಬರುವ ಸರಕನ್ನು ಬಿಡಿಬಿಡಿಯಾಗಿ ಮನೆ ಮನೆಗೆ ಮುಟ್ಟಿಸುವವನು ದ್ವಿಚಕ್ರ ಅಥವಾ ತ್ರಿಚಕ್ರ ವಾಹನದ ಚಾಲಕ. ನಮ್ಮ ಸರಕನ್ನೂ ಅನೇಕ ಸಂದರ್ಭಗಳಲ್ಲಿ ನಮ್ಮ ಹಣವನ್ನೂ ಕೈಯಲ್ಲಿ ಹಿಡಿದಿರುವ ಈ ವ್ಯಕ್ತಿಯ ಗಳಿಕೆ ಹೇಗೆ ರೂಪುಗೊಳ್ಳುತ್ತದೆ, ಹಬ್ಬದ ದಿನಗಳಲ್ಲಿ ಅದರಲ್ಲಿ ಏನು ಬದಲಾಗುತ್ತದೆ, ಕಾನೂನು ಏನನ್ನು ವಿಧಿಸುತ್ತದೆ ಎಂಬುದನ್ನು ವರ್ತಕರು ತಿಳಿದಿರುವುದು ಅಗತ್ಯ. ಬಟವಾಡೆಯ ದರ ಕಡಿಮೆಯಾದಾಗ ಉಳಿದ ವೆಚ್ಚವು ಮಾಯವಾಗುವುದಿಲ್ಲ. ಅದು ಬೇರೊಬ್ಬರ ಹೆಗಲಿಗೆ ವರ್ಗಾವಣೆಯಾಗುತ್ತದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಋತುವಿನ ಬೇಡಿಕೆ

ಫ್ಲಿಪ್‌ಕಾರ್ಟ್ ಸಂಸ್ಥೆಯು 2014ರ ಅಕ್ಟೋಬರ್ 6ರಂದು ತನ್ನ ಮೊದಲ ‘ಬಿಗ್ ಬಿಲಿಯನ್ ಡೇ’ ಮಾರಾಟವನ್ನು ನಡೆಸಿತು. ಅಲ್ಲಿಂದೀಚೆಗೆ ದಸರಾ ಸಮಯದ ರಿಯಾಯಿತಿ ಮಾರಾಟವು ದೇಶದ ಆನ್‌ಲೈನ್ ವ್ಯಾಪಾರದ ಸ್ಥಿರ ಪದ್ಧತಿಯಾಗಿದೆ. 2025ರಲ್ಲಿ ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಸಂಸ್ಥೆಗಳೆರಡೂ ಸೆಪ್ಟೆಂಬರ್ 23ರಂದು ಹಬ್ಬದ ಮಾರಾಟವನ್ನು ಆರಂಭಿಸಿದವು. ಅದರ ಹಿಂದಿನ ದಿನವೇ ಜಿಎಸ್‌ಟಿಯ ಪರಿಷ್ಕೃತ ದರಗಳು ಜಾರಿಗೆ ಬಂದಿದ್ದವು. ಆ ಋತುವಿಗಾಗಿ ಫ್ಲಿಪ್‌ಕಾರ್ಟ್ 2.2 ಲಕ್ಷಕ್ಕೂ ಹೆಚ್ಚು, ಅಮೆಜಾನ್ 1.5 ಲಕ್ಷಕ್ಕೂ ಹೆಚ್ಚು ಉದ್ಯೋಗಾವಕಾಶಗಳನ್ನು ಘೋಷಿಸಿದ್ದವು. ಗೋದಾಮು, ವಿಂಗಡಣೆ ಮತ್ತು ಬಟವಾಡೆಯ ಕೆಲಸಗಳು ಇವುಗಳಲ್ಲಿ ಸೇರಿದ್ದವು.

ಬೇಡಿಕೆಯು ಕೆಲವೇ ವಾರಗಳಲ್ಲಿ ಏರಿ ಅಷ್ಟೇ ಬೇಗ ಇಳಿಯುವುದರಿಂದ ಬಟವಾಡೆ ಸಂಸ್ಥೆಗಳು ಕಾಯಂ ನೌಕರರನ್ನು ಹೆಚ್ಚಿಸಿಕೊಳ್ಳುವುದಿಲ್ಲ. ತಾತ್ಕಾಲಿಕ ಚಾಲಕರನ್ನು ಸೇರಿಸಿಕೊಳ್ಳುವುದು ಮತ್ತು ಇರುವ ಚಾಲಕರಿಗೆ ಹೆಚ್ಚಿನ ಪಾರ್ಸೆಲ್ ವಹಿಸುವುದು, ಈ ಎರಡೇ ಮಾರ್ಗಗಳನ್ನು ಅವು ಸಾಮಾನ್ಯವಾಗಿ ಅನುಸರಿಸುತ್ತವೆ.

ಮೂರು ಬಗೆಯ ದುಡಿಮೆ

ಒಂದೇ ಬೀದಿಯಲ್ಲಿ ಒಂದೇ ಬಗೆಯ ಚೀಲ ಹೊತ್ತು ಸಾಗುವ ಚಾಲಕರ ಸ್ಥಾನಮಾನ ಒಂದೇ ಆಗಿರುವುದಿಲ್ಲ. ಮೊದಲನೆಯವನು ಕೊರಿಯರ್ ಸಂಸ್ಥೆಯ ಅಥವಾ ಅಂಗಡಿಯ ನೇರ ನೌಕರ. ಅವನಿಗೆ ಮಾಸಿಕ ವೇತನ, ವಾರದ ರಜೆ, ಅನ್ವಯವಾಗುವ ಕಡೆ ಭವಿಷ್ಯನಿಧಿ ಮತ್ತು ಇಎಸ್‌ಐ ಸೌಲಭ್ಯಗಳಿರುತ್ತವೆ. ಎರಡನೆಯವನು ಗುತ್ತಿಗೆದಾರನ ಮೂಲಕ ಬಂದವನು. ಅವನ ವೇತನವು ಗುತ್ತಿಗೆದಾರನ ಕೈಯಲ್ಲಿರುತ್ತದೆ. ಮೂರನೆಯವನು ಆ್ಯಪ್ ಮೂಲಕ ಕೆಲಸ ಪಡೆಯುವ ಗಿಗ್ ಕೆಲಸಗಾರ. ವಾಹನ, ಪೆಟ್ರೋಲ್ ಮತ್ತು ಮೊಬೈಲ್ ಅವನವೇ ಆಗಿದ್ದು, ಮುಟ್ಟಿಸಿದ ಪ್ರತಿಯೊಂದು ಪಾರ್ಸೆಲ್‌ಗೆ ಇಂತಿಷ್ಟು ಎಂಬ ದರದಲ್ಲಿ ಹಣ ದೊರೆಯುತ್ತದೆ. ನೀತಿ ಆಯೋಗವು 2022ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯು ದೇಶದಲ್ಲಿ 2020–21ರಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರೆಂದೂ, 2029–30ರ ವೇಳೆಗೆ ಈ ಸಂಖ್ಯೆ 2.35 ಕೋಟಿಗೆ ಏರಬಹುದೆಂದೂ ಅಂದಾಜಿಸಿದೆ.

ಪಾರ್ಸೆಲ್ ದರ ಬೇರೆ, ಗಳಿಕೆ ಬೇರೆ

ಹಬ್ಬದಲ್ಲಿ ಪಾರ್ಸೆಲ್ ಹೆಚ್ಚುವುದರಿಂದ ಚಾಲಕನಿಗೂ ಹೆಚ್ಚು ಲಾಭ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಇದು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಒಂದು ಉದಾಹರಣೆಯಿಂದ ಪರಿಶೀಲಿಸೋಣ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ ಕಲ್ಪಿಸಿಕೊಂಡವು; ಯಾವುದೇ ಸಂಸ್ಥೆಯ ದರವಲ್ಲ.

ಸಾಮಾನ್ಯ ದಿನವೊಂದರಲ್ಲಿ ಚಾಲಕನಿಗೆ 80 ಪಾರ್ಸೆಲ್ ವಹಿಸಲಾಗಿ, ಅವನು 64 ಮುಟ್ಟಿಸಿದನೆಂದು ಇಟ್ಟುಕೊಳ್ಳೋಣ. ಪಾರ್ಸೆಲ್ ಒಂದಕ್ಕೆ ರೂ. 15ರಂತೆ ರೂ. 960 ಆಯಿತು. ಪೆಟ್ರೋಲ್‌ಗೆ ರೂ. 250, ವಾಹನದ ಸವಕಳಿ, ದುರಸ್ತಿ ಮತ್ತು ಮೊಬೈಲ್ ವೆಚ್ಚಕ್ಕೆ ರೂ. 170 ಕಳೆದರೆ ಉಳಿಯುವುದು ರೂ. 540. ಹತ್ತು ಗಂಟೆಗಳ ದುಡಿಮೆಗೆ ಗಂಟೆಗೆ ರೂ. 54 ಆಯಿತು.

ಹಬ್ಬದ ದಿನ ಅವನಿಗೆ 120 ಪಾರ್ಸೆಲ್ ವಹಿಸಲಾಗುತ್ತದೆ. 100 ಮುಟ್ಟಿಸಿದರೆ ರೂ. 200 ಪ್ರೋತ್ಸಾಹಧನ ಎಂಬ ಷರತ್ತಿದೆ. ಹದಿನಾಲ್ಕು ಗಂಟೆ ದುಡಿದು ಅವನು 96 ಮುಟ್ಟಿಸುತ್ತಾನೆ. ರೂ. 1,440ರಲ್ಲಿ ಪೆಟ್ರೋಲ್‌ಗೆ ರೂ. 320, ಇತರ ವೆಚ್ಚಕ್ಕೆ ರೂ. 170 ಕಳೆದು ರೂ. 950 ಉಳಿಯುತ್ತದೆ. ಮೇಲ್ನೋಟಕ್ಕೆ ಗಳಿಕೆ ಏರಿದೆ. ಆದರೆ ಅವನ ಸಾಮಾನ್ಯ ದಿನದ ರೂ. 54ನ್ನೇ ಗಂಟೆಯ ವೇತನವೆಂದು ಭಾವಿಸಿ, ಕಾನೂನಿನಂತೆ ಎಂಟು ಗಂಟೆಗಳ ನಂತರದ ಕೆಲಸಕ್ಕೆ ಎರಡು ಪಟ್ಟು ಲೆಕ್ಕ ಹಾಕಿದರೆ, ಮೊದಲ ಎಂಟು ಗಂಟೆಗೆ ರೂ. 432, ಉಳಿದ ಆರು ಗಂಟೆಗೆ ರೂ. 648, ಒಟ್ಟು ರೂ. 1,080 ದೊರೆಯಬೇಕಾಗಿತ್ತು. ಅಂದರೆ ಹಬ್ಬದ ಹೆಚ್ಚಿನ ಗಳಿಕೆಯು ನೌಕರನೊಬ್ಬನಿಗೆ ಸಲ್ಲಬೇಕಾದ ಓವರ್‌ಟೈಮ್ ಮಟ್ಟವನ್ನೂ ಮುಟ್ಟಿಲ್ಲ.

ಇನ್ನೊಂದು ಅಂಶ ವರ್ತಕರಿಗೆ ನೇರವಾಗಿ ಸಂಬಂಧಿಸಿದ್ದು. ಕೊನೆಯ ನಾಲ್ಕು ಪಾರ್ಸೆಲ್ ಮುಟ್ಟಿದ್ದರೆ ಅವನಿಗೆ ದರದ ರೂ. 60 ಮತ್ತು ಪ್ರೋತ್ಸಾಹಧನದ ರೂ. 200, ಒಟ್ಟು ರೂ. 260 ಹೆಚ್ಚಾಗಿ ಸಿಗುತ್ತಿತ್ತು. ಆ ನಾಲ್ಕು ಪಾರ್ಸೆಲ್‌ಗಳು ಏಕೆ ಮುಟ್ಟಲಿಲ್ಲ? ವಿಳಾಸದಲ್ಲಿ ಅಡ್ಡರಸ್ತೆಯ ಸಂಖ್ಯೆ ಇಲ್ಲದಿರುವುದು, ದೂರವಾಣಿ ಸಂಖ್ಯೆ ತಪ್ಪಾಗಿರುವುದು, ಗ್ರಾಹಕನಲ್ಲಿ ನಗದು ಸಿದ್ಧವಿಲ್ಲದಿರುವುದು, ಇಂತಹ ಕಾರಣಗಳೇ ಹೆಚ್ಚು. ಇವುಗಳಲ್ಲಿ ಯಾವುದೂ ಚಾಲಕನ ಲೋಪವಲ್ಲ. ಮರಳಿ ಬರುವ ಪಾರ್ಸೆಲ್‌ನಿಂದ ವರ್ತಕನಿಗೆ ಸಾಗಣೆ ವೆಚ್ಚ ನಷ್ಟವಾದರೆ, ಚಾಲಕನಿಗೆ ದಿನದ ಗಳಿಕೆಯ ಭಾಗವೇ ನಷ್ಟವಾಗುತ್ತದೆ.

ಕೆಲಸದ ಪರಿಸ್ಥಿತಿ

ದಸರಾ ಸಮಯದಲ್ಲಿ ರಾಜ್ಯದ ಅನೇಕ ಕಡೆ ಮಳೆ ನಿಂತಿರುವುದಿಲ್ಲ. ಹಬ್ಬದ ಸಂದಣಿಯಿಂದ ವಾಹನ ದಟ್ಟಣೆಯೂ ಹೆಚ್ಚು. ಬೆಳಿಗ್ಗೆ ಹಬ್‌ನಲ್ಲಿ ಪಾರ್ಸೆಲ್ ವಿಂಗಡಣೆಗಾಗಿ ಕಾಯುವ ಸಮಯ, ಅಪಾರ್ಟ್‌ಮೆಂಟ್ ಗೇಟಿನಲ್ಲಿ ನೋಂದಣಿ ಮಾಡಿಸುವ ಸಮಯ, ರಾತ್ರಿ ನಗದು ಒಪ್ಪಿಸಿ ಲೆಕ್ಕ ಚುಕ್ತಾ ಮಾಡುವ ಸಮಯ, ಇವು ಯಾವುವೂ ಪಾರ್ಸೆಲ್ ದರದಲ್ಲಿ ಪ್ರತ್ಯೇಕವಾಗಿ ಸೇರುವುದಿಲ್ಲ. ನಗದು ಕಡಿಮೆ ಬಿದ್ದರೆ ಅಥವಾ ಸರಕು ಕಳೆದುಹೋದರೆ ಗಳಿಕೆಯಿಂದಲೇ ಕಡಿತವಾಗುವ ಭಯವಿರುತ್ತದೆ. ಹೊಸದಾಗಿ ಸೇರಿದ ತಾತ್ಕಾಲಿಕ ಚಾಲಕನಿಗೆ ಬಡಾವಣೆಯ ಪರಿಚಯವೂ ಇರುವುದಿಲ್ಲ. ಇಂತಹ ಸ್ಥಿತಿಯಲ್ಲಿ ಗುರಿ ತಲುಪುವ ಆತುರವು ಅಪಘಾತಕ್ಕೆ ದಾರಿ ಮಾಡಿಕೊಡುತ್ತದೆ.

ಅತೃಪ್ತಿಯು ವ್ಯಾಪಾರಕ್ಕೂ ಅಡ್ಡಿಯಾಗಬಲ್ಲದು. 2025ರ ಡಿಸೆಂಬರ್ 25 ಮತ್ತು 31ರಂದು ಗಿಗ್ ಕೆಲಸಗಾರರ ಸಂಘಟನೆಗಳು ದೇಶದ ಹಲವು ನಗರಗಳಲ್ಲಿ ಮುಷ್ಕರಕ್ಕೆ ಕರೆ ನೀಡಿದ್ದವು. ನ್ಯಾಯವಾದ ಸಂಭಾವನೆ, ಸುರಕ್ಷತೆ, ಹತ್ತು ನಿಮಿಷದ ಬಟವಾಡೆ ಪದ್ಧತಿಯ ರದ್ದತಿ ಮುಂತಾದವು ಅವರ ಬೇಡಿಕೆಗಳಾಗಿದ್ದವು. ವ್ಯಾಪಾರ ಅತ್ಯಧಿಕವಾಗಿರುವ ದಿನಗಳನ್ನೇ ಮುಷ್ಕರಕ್ಕೆ ಆರಿಸಿಕೊಂಡದ್ದು ಗಮನಾರ್ಹ.

ಕಾನೂನಿನ ಚೌಕಟ್ಟು

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ವೇತನ ಸಂಹಿತೆಯಂತೆ ನೌಕರನ ಓವರ್‌ಟೈಮ್ ದರವು ಸಾಮಾನ್ಯ ದರದ ಎರಡು ಪಟ್ಟಿಗಿಂತ ಕಡಿಮೆ ಇರಕೂಡದು. ಕೆಲಸದಿಂದ ತೆಗೆದಾಗ ಅಥವಾ ನೌಕರನೇ ಬಿಟ್ಟಾಗ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಚುಕ್ತಾ ಮಾಡತಕ್ಕದ್ದು. ಹಬ್ಬಕ್ಕೆಂದು ಸೇರಿಸಿಕೊಂಡ ಚಾಲಕನನ್ನು ದೀಪಾವಳಿಯ ನಂತರ ಬಿಡುಗಡೆ ಮಾಡುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಲೆಕ್ಕಪತ್ರದ ವರ್ಷದಲ್ಲಿ ಕನಿಷ್ಠ 30 ದಿನ ದುಡಿದ, ನಿಗದಿತ ವೇತನ ಮಿತಿಯೊಳಗಿನ ನೌಕರನಿಗೆ ಶೇ. 8.33ರಿಂದ ಶೇ. 20ರವರೆಗಿನ ಬೋನಸ್ ಸಲ್ಲುತ್ತದೆ. ಗಿಗ್ ಕೆಲಸಗಾರನಿಗೆ ಈ ಹಕ್ಕುಗಳು ದೊರೆಯುವುದಿಲ್ಲ. ಹಬ್ಬದ ಸರಕು ಹಂಚುವವನಿಗೇ ಹಬ್ಬದ ಬೋನಸ್ ಇಲ್ಲವೆಂಬುದು ಈ ವ್ಯವಸ್ಥೆಯ ವಿಪರ್ಯಾಸ.

ಸಾಮಾಜಿಕ ಭದ್ರತಾ ಸಂಹಿತೆಯು ಗಿಗ್ ಕೆಲಸಗಾರರನ್ನು ಕೇಂದ್ರ ಕಾನೂನಿನಲ್ಲಿ ಮೊದಲ ಬಾರಿಗೆ ಗುರುತಿಸಿದೆ. ಆ್ಯಪ್ ಸಂಸ್ಥೆಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು, ಕೆಲಸಗಾರರಿಗೆ ಪಾವತಿಸುವ ಮೊತ್ತದ ಶೇ. 5ರ ಮಿತಿಗೆ ಒಳಪಟ್ಟು, ಸಾಮಾಜಿಕ ಭದ್ರತಾ ನಿಧಿಗೆ ಸಲ್ಲಿಸಬೇಕು. ಆದರೆ 2025ರ ಡಿಸೆಂಬರ್‌ನಲ್ಲಿ ಪ್ರಕಟವಾದ ಕೇಂದ್ರದ ಕರಡು ನಿಯಮಗಳು ಸೌಲಭ್ಯಕ್ಕೆ ವರ್ಷದಲ್ಲಿ ಒಂದೇ ಸಂಸ್ಥೆಯಲ್ಲಿ 90 ದಿನ ಅಥವಾ ಹಲವು ಸಂಸ್ಥೆಗಳಲ್ಲಿ ಒಟ್ಟು 120 ದಿನಗಳ ಕೆಲಸವನ್ನು ಅರ್ಹತೆಯಾಗಿ ಸೂಚಿಸಿದವು. ಹಬ್ಬದ ನಲವತ್ತು ಐವತ್ತು ದಿನಗಳಿಗಷ್ಟೇ ದುಡಿಯುವವನು ಇಂತಹ ಅರ್ಹತೆಯನ್ನು ಮುಟ್ಟಲಾರನು.

ಗಿಗ್ ಕೆಲಸಗಾರರಿಗಾಗಿ ಪ್ರತ್ಯೇಕ ಕಾಯ್ದೆಯನ್ನು 2023ರಲ್ಲಿ ಮೊದಲು ಮಾಡಿದ ರಾಜ್ಯ ರಾಜಸ್ಥಾನ. ಕರ್ನಾಟಕವು 2023ರ ಜುಲೈ ಬಜೆಟ್‌ನಲ್ಲಿ ಗಿಗ್ ಕೆಲಸಗಾರರಿಗೆ ರೂ. 2 ಲಕ್ಷ ಜೀವವಿಮೆ ಮತ್ತು ರೂ. 2 ಲಕ್ಷ ಅಪಘಾತ ವಿಮೆಯನ್ನು ಘೋಷಿಸಿ, 2025ರಲ್ಲಿ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ಜಾರಿಗೆ ತಂದಿತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ನೀಡುವ ಮೊತ್ತದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಇದರಲ್ಲಿ ಅವಕಾಶವಿದೆ. ಕರಾರಿನ ಷರತ್ತು ಬದಲಿಸುವ ಮೊದಲು 14 ದಿನಗಳ ಸೂಚನೆ ನೀಡಬೇಕು. ಕೆಲಸದಿಂದ ಕೈಬಿಡುವಾಗಲೂ ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಬೇಕು. ಇದಲ್ಲದೆ, 2025ರ ಸೆಪ್ಟೆಂಬರ್ 22ರಿಂದ ಇ-ವಾಣಿಜ್ಯ ಸಂಸ್ಥೆಯ ಮೂಲಕ ಜಿಎಸ್‌ಟಿ ನೋಂದಣಿ ಇಲ್ಲದವರು ಒದಗಿಸುವ ಸ್ಥಳೀಯ ಬಟವಾಡೆ ಸೇವೆಯ ಮೇಲೆ ಶೇ. 18 ತೆರಿಗೆಯನ್ನು ಆ ಸಂಸ್ಥೆಯೇ ಕಟ್ಟಬೇಕಾಗಿದೆ. ಈ ಹೊರೆಗಳು ಬಟವಾಡೆ ದರದಲ್ಲಿ ಪ್ರತಿಫಲಿಸುವುದು ಸಹಜವಾದುದರಿಂದ ವರ್ತಕರು ಬೆಲೆ ನಿಗದಿ ಮಾಡುವಾಗ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

ಅಮೆರಿಕದ ಅನುಭವ

ಋತುಕಾಲಿಕ ಒತ್ತಡವು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ನವೆಂಬರ್ ಕೊನೆಯಿಂದ ಕ್ರಿಸ್‌ಮಸ್‌ವರೆಗೆ ಇದೇ ಸ್ಥಿತಿ ಇರುತ್ತದೆ. ಅಲ್ಲಿನ ಯುಪಿಎಸ್ ಸಂಸ್ಥೆಯ ಚಾಲಕರು ಗಂಟೆಯ ವೇತನ ಪಡೆಯುವ ನೇರ ನೌಕರರು. 1997ರ ಆಗಸ್ಟ್‌ನಲ್ಲಿ ಸುಮಾರು 1.85 ಲಕ್ಷ ನೌಕರರು 15 ದಿನ ಮುಷ್ಕರ ಹೂಡಿದಾಗ, ಅರೆಕಾಲಿಕ ಕೆಲಸಗಾರರ ಸ್ಥಿತಿಯೇ ಮುಖ್ಯ ವಿಷಯವಾಗಿತ್ತು. 2023ರಲ್ಲಿ ಸುಮಾರು 3.4 ಲಕ್ಷ ನೌಕರರ ಪರವಾಗಿ ಟೀಮ್‌ಸ್ಟರ್ಸ್ ಒಕ್ಕೂಟವು ಮುಷ್ಕರವಿಲ್ಲದೆಯೇ ಹೊಸ ಒಪ್ಪಂದ ಮಾಡಿಕೊಂಡಿತು. ವೇತನ ಹೆಚ್ಚಳದ ಜೊತೆಗೆ, ರಜೆಯ ದಿನ ಬಲವಂತದ ಓವರ್‌ಟೈಮ್ ಮಾಡಿಸಬಾರದೆಂಬುದೂ, 2024ರಿಂದ ಕೊಳ್ಳುವ ಹೊಸ ಬಟವಾಡೆ ವಾಹನಗಳಲ್ಲಿ ಹವಾನಿಯಂತ್ರಣ ಇರಬೇಕೆಂಬುದೂ ಅದರಲ್ಲಿ ಸೇರಿದವು. ಇದಕ್ಕೆ ಭಿನ್ನವಾಗಿ ಅಮೆಜಾನ್ ಸಂಸ್ಥೆಯು ಅಲ್ಲಿ ಬಹುಮಟ್ಟಿಗೆ ಗುತ್ತಿಗೆ ಸಂಸ್ಥೆಗಳ ಚಾಲಕರನ್ನು ಅವಲಂಬಿಸಿದೆ. 2024ರ ಡಿಸೆಂಬರ್ 19ರಂದು, ಕ್ರಿಸ್‌ಮಸ್‌ಗೆ ಆರು ದಿನ ಮೊದಲು, ಏಳು ಕೇಂದ್ರಗಳಲ್ಲಿ ಮುಷ್ಕರ ಆರಂಭವಾಯಿತು. ಈ ಚಾಲಕರ ಉದ್ಯೋಗದಾತ ಯಾರು ಎಂಬ ಪ್ರಶ್ನೆಯೇ ಅಲ್ಲಿಯೂ ವಿವಾದದ ಮೂಲ.

ವರ್ತಕರು ಕೈಗೊಳ್ಳಬಹುದಾದ ಕ್ರಮಗಳು

ದೊಡ್ಡ ಸಂಸ್ಥೆಗಳ ದರವನ್ನು ನಿರ್ಧರಿಸುವ ಶಕ್ತಿ ಸಣ್ಣ ವರ್ತಕನಿಗಿಲ್ಲ. ಆದರೂ ತನ್ನ ಅಳವಿನಲ್ಲಿರುವ ಕೆಲವು ಕ್ರಮಗಳಿಂದ ತನ್ನ ನಷ್ಟವನ್ನೂ ಚಾಲಕನ ನಷ್ಟವನ್ನೂ ಏಕಕಾಲಕ್ಕೆ ತಗ್ಗಿಸಬಹುದು.

1. ಪಾರ್ಸೆಲ್ ಕಳುಹಿಸುವ ಮುನ್ನ ದೂರವಾಣಿ ಸಂಖ್ಯೆ, ಪಿನ್‌ಕೋಡ್, ಅಡ್ಡರಸ್ತೆ ಮತ್ತು ಸಮೀಪದ ಗುರುತನ್ನು ಗ್ರಾಹಕರಿಂದ ಖಚಿತಪಡಿಸಿಕೊಳ್ಳಬೇಕು.

2. ನಗದು ಪಾವತಿಗೆ ಬದಲಾಗಿ ಮುಂಗಡ ಪಾವತಿಗೆ ಸಣ್ಣ ರಿಯಾಯಿತಿ ನೀಡಿದರೆ ಮರಳಿ ಬರುವ ಪಾರ್ಸೆಲ್‌ಗಳು ಕಡಿಮೆಯಾಗುತ್ತವೆ. ಚಾಲಕನು ನಗದು ಹೊತ್ತು ತಿರುಗುವ ಅಪಾಯವೂ ತಗ್ಗುತ್ತದೆ.

3. ಹಬ್ಬದ ಹಿಂದಿನ ದಿನವೇ ಮುಟ್ಟಿಸುವ ಭರವಸೆ ನೀಡುವ ಬದಲು, ಆದೇಶ ಸ್ವೀಕರಿಸುವ ಕೊನೆಯ ದಿನಾಂಕವನ್ನು ಮೊದಲೇ ಪ್ರಕಟಿಸಬೇಕು. ಸರಕನ್ನು ಒಂದೇ ದಿನ ರಾಶಿ ಹಾಕದೆ, ಹಲವು ದಿನಗಳಲ್ಲಿ ಹಂಚಿ ರವಾನಿಸಬೇಕು.

4. ಗುತ್ತಿಗೆದಾರರೊಡನೆ ಕರಾರು ಮಾಡಿಕೊಳ್ಳುವಾಗ ಚಾಲಕರ ವೇತನ ಪಾವತಿ, ವಾರದ ರಜೆ ಮತ್ತು ವಿಮೆಯ ಷರತ್ತುಗಳನ್ನು ಬರೆಸಿಕೊಳ್ಳಬೇಕು. ಗುತ್ತಿಗೆ ಕಾರ್ಮಿಕರ ಕಾನೂನು ಅನ್ವಯಿಸುವಲ್ಲಿ, ಗುತ್ತಿಗೆದಾರನು ವೇತನ ಕೊಡದಿದ್ದರೆ ಅದನ್ನು ಭರಿಸುವ ಹೊಣೆ ಮೂಲ ಮಾಲೀಕನದೇ.

5. ಸ್ವಂತ ಚಾಲಕರನ್ನು ನೇಮಿಸಿಕೊಂಡವರು ಹಾಜರಿ ಮತ್ತು ಓವರ್‌ಟೈಮ್ ದಾಖಲೆ ಇಡಬೇಕು. ವಾಹನದ ವಿಮಾ ಪಾಲಿಸಿಯು ವಾಣಿಜ್ಯ ಬಳಕೆಗೆ ಅನ್ವಯವಾಗುವುದೇ ಎಂಬುದನ್ನು ಪರಿಶೀಲಿಸಬೇಕು. ಇಎಸ್‌ಐ ಅನ್ವಯವಾಗದ ಸಣ್ಣ ಸಂಸ್ಥೆಗಳಲ್ಲಿ ಕೆಲಸದ ವೇಳೆಯ ಅಪಘಾತದ ಪರಿಹಾರವು ನೇರವಾಗಿ ಮಾಲೀಕನ ಮೇಲೆ ಬೀಳುವುದರಿಂದ, ಅದಕ್ಕೆ ಪ್ರತ್ಯೇಕ ವಿಮೆ ಮಾಡಿಸುವುದು ಹಿತಕರ.

6. ಅಂಗಡಿ ಅಥವಾ ಗೋದಾಮಿಗೆ ಪಾರ್ಸೆಲ್ ಒಯ್ಯಲು ಬರುವ ಚಾಲಕನನ್ನು ಕಾಯಿಸದೆ, ಬಿಲ್ ಮತ್ತು ಪ್ಯಾಕಿಂಗ್ ಸಿದ್ಧವಾಗಿಡಬೇಕು. ಕುಡಿಯುವ ನೀರು ಮತ್ತು ಶೌಚಾಲಯದ ಅನುಕೂಲವನ್ನು ಅವನಿಗೂ ಒದಗಿಸಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ವರ್ತಕನು ತನ್ನ ಸರಕಿನ ಗುಣಮಟ್ಟದ ಬಗ್ಗೆ ವಹಿಸುವ ಎಚ್ಚರಿಕೆಯು ಆ ಸರಕು ಗ್ರಾಹಕನ ಕೈ ಸೇರುವ ಕ್ಷಣದವರೆಗೂ ಮುಂದುವರಿಯಬೇಕು. ಅನೇಕ ಗ್ರಾಹಕರು ವರ್ತಕನ ಮುಖವನ್ನು ಎಂದೂ ನೋಡುವುದಿಲ್ಲ. ಅವರು ನೋಡುವುದು ಚಾಲಕನನ್ನು ಮಾತ್ರ. ಮುಂದಿನ ಹಬ್ಬದ ಋತುವಿಗೆ ದಾಸ್ತಾನು, ಸಾಲ ಮತ್ತು ಜಾಹೀರಾತಿನ ಯೋಜನೆ ಸಿದ್ಧಪಡಿಸುವಾಗ ಬಟವಾಡೆಯ ನ್ಯಾಯವಾದ ವೆಚ್ಚವನ್ನೂ ಆರಂಭದಲ್ಲಿಯೇ ಸೇರಿಸಿಕೊಳ್ಳುವುದು ವ್ಯವಹಾರದ ದೃಷ್ಟಿಯಿಂದಲೂ ಲಾಭದಾಯಕವಾದ ಕ್ರಮವಾಗಿದೆ.