ಶಿಕ್ಷಣದಲ್ಲಿ ಮಾಹಿತಿ ತಂತ್ರಜ್ಞಾನ: ಬೆಳಗಾವಿಯಿಂದ ಖಾನಾಪುರದ ಕಾಡಿನ ತನಕ

ನಮ್ಮ ಬೆಳಗಾವಿಗೂ ಶಿಕ್ಷಣ ತಂತ್ರಜ್ಞಾನಕ್ಕೂ ಹಳೇ ನಂಟು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದರ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಟಿಯು ಕೂಡ ಒಂದು. ಈಗಂತೂ ಪ್ರಶ್ನೆಪತ್ರಿಕೆ ಕಾಲೇಜಿಗೆ ಆನ್‌ಲೈನ್‌ನಲ್ಲೇ ಬರುತ್ತೆ. ಉತ್ತರಪತ್ರಿಕೆ ಸ್ಕ್ಯಾನ್ ಆಗಿ, ಪರದೆ ಮೇಲೆ ಮೌಲ್ಯಮಾಪನ ಆಗುತ್ತೆ. ಇದನ್ನೆಲ್ಲ ದಿನಾ ನೋಡೋ ನಮಗೆ, ತಂತ್ರಜ್ಞಾನ ಬಂತು ಅಂದ್ರೆ ಶಿಕ್ಷಣ ತಾನಾಗೇ ಸುಧಾರಿಸುತ್ತೆ ಅನ್ನಿಸೋದು ಸಹಜ.

ಆದರೆ ಇಲ್ಲಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರ ದಾಟಿ, ಪಶ್ಚಿಮ ಘಟ್ಟದ ಕಡೆ ಹೋಗಿ ನೋಡ್ರಿ. ಭೀಮಗಡ ವನ್ಯಜೀವಿಧಾಮದ ಒಳಗೆ ಆಮಗಾಂವ್, ಗವಾಳಿಯಂಥ ಸಣ್ಣ ಸಣ್ಣ ಊರುಗಳಿವೆ. ಅಲ್ಲಿ ಲೆಕ್ಕಾಚಾರವೇ ಬೇರೆ.

ಮೊದಲ ಸವಾಲು: ಸಿಗ್ನಲ್ ಮತ್ತು ಕರೆಂಟು

ಮೊಬೈಲ್ ತರಂಗಗಳಿಗೆ ಗುಡ್ಡ ಅಡ್ಡ ಬಂದ್ರೆ ಆಚೆ ನೆರಳು ಬೀಳುತ್ತೆ. ದಟ್ಟ ಕಾಡು ತರಂಗದ ಬಲವನ್ನು ಇನ್ನಷ್ಟು ಹೀರುತ್ತೆ. ಟವರ್ ಹಾಕೋಣ ಅಂದ್ರೆ ಅರಣ್ಯದ ಅನುಮತಿ ಬೇಕು. ಬೆರಳೆಣಿಕೆಯ ಮನೆಗಳಿರೋ ಊರಲ್ಲಿ ಕಂಪನಿಗೆ ಲಾಭವೂ ಕಾಣಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟೂ ಹೋಗುತ್ತೆ. ಆಗ ಚಾರ್ಜ್ ಇಲ್ಲದ ಫೋನು ಮತ್ತು ಬರೀ ಕಲ್ಲು, ಎರಡೂ ಒಂದೇ.

ಎರಡನೆಯದು: ಸಾಧನ

ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ವರದಿ ಪ್ರಕಾರ ದೇಶದ ನಗರಗಳಲ್ಲಿ 23.4% ಮನೆಗಳಲ್ಲಿ ಕಂಪ್ಯೂಟರ್ ಇತ್ತು. ಹಳ್ಳಿಗಳಲ್ಲಿ ಬರೀ 4.4%. ಇಂಟರ್ನೆಟ್ ಸೌಲಭ್ಯ ನಗರದಲ್ಲಿ 42%, ಹಳ್ಳಿಯಲ್ಲಿ 14.9%. ಅದಾಗಿ ಎರಡೇ ವರ್ಷಕ್ಕೆ ಕೊರೊನಾ ಬಂತು. ಮನೆಗೊಂದೇ ಫೋನು ಇದ್ದಲ್ಲಿ, ಅಪ್ಪ ಅದನ್ನು ಹಿಡ್ಕೊಂಡು ಕೆಲಸಕ್ಕೆ ಹೋದರೆ ಮಕ್ಕಳ ಪಾಠ ಸಂಜೆಗೇ. ಅಣ್ಣ-ತಂಗಿ ಇಬ್ಬರಿದ್ರೆ ಯಾರಿಗೆ ಮೊದಲು ಅನ್ನೋ ಪ್ರಶ್ನೆ ಬೇರೆ. ಬಹಳ ಕಡೆ ತಂಗಿಯ ಸರದಿಯೇ ಕೊನೆಗೆ ಬರೋದು.

2020ರಲ್ಲಿ ಸರ್ಕಾರ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಪ್ರಸಾರ ಮಾಡಿತು. ಅದೇ ವರ್ಷ ‘ವಿದ್ಯಾಗಮ’ದಲ್ಲಿ ಮೇಷ್ಟ್ರುಗಳೇ ಊರೂರಿಗೆ ಹೋಗಿ ಗುಡಿಕಟ್ಟೆ, ಮರದ ನೆರಳಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯ್ತು. ಟಿವಿ ಪಾಠಕ್ಕೆ ಇಂಟರ್ನೆಟ್ ಬೇಕಿರಲಿಲ್ಲ, ನಿಜ. ಆದರೆ ಮಗುವಿಗೆ ಅರ್ಥ ಆಯ್ತೋ ಇಲ್ಲೋ ಅಂತ ಟಿವಿಗೆ ಗೊತ್ತಾಗಲ್ಲ. ಎದುರಿಗೆ ಕೂತ ಮೇಷ್ಟ್ರಿಗೆ ಮುಖ ನೋಡಿದ್ರೇ ಗೊತ್ತಾಗುತ್ತೆ.

ಮೂರನೆಯದು: ಭಾಷೆ

ಖಾನಾಪುರ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಜೊತೆ ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಇಂಗ್ಲಿಷ್‌ನಲ್ಲೇ ತಯಾರಾದ ಆ್ಯಪ್ ಈ ಎರಡೂ ಕಡೆಯ ಮಕ್ಕಳಿಗೆ ದೂರವೇ. ಕನ್ನಡದಲ್ಲಿ ಪಠ್ಯ ಇದ್ದರೂ ಎಷ್ಟೋ ಕಡೆ ಅದು ಹಳೆಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಆಗಿರುತ್ತೆ. ಆ ಫಾಂಟು ಇಲ್ಲದ ಫೋನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಚಿಹ್ನೆಗಳು. ಹುಡುಕೋಕೂ ಆಗಲ್ಲ, ಅಂಧ ವಿದ್ಯಾರ್ಥಿಗಳ ಸ್ಕ್ರೀನ್ ರೀಡರ್ ಓದೋಕೂ ಆಗಲ್ಲ.

ಹಾಗಾದ್ರೆ ನಾವೇನು ಮಾಡಬಹುದು?

ಮೊದಲು ಒಂದು ಸಣ್ಣ ಲೆಕ್ಕ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ 45 ನಿಮಿಷದ ವಿಡಿಯೋ ಪಾಠ ನೋಡಿದರೆ ಸುಮಾರು 337 ಎಂಬಿ ಖರ್ಚು. ಅದೇ ಪಾಠದ ಧ್ವನಿಯನ್ನಷ್ಟೇ 32 ಕಿಲೋಬಿಟ್‌ನಲ್ಲಿ ಕೊಟ್ಟರೆ ಸುಮಾರು 11 ಎಂಬಿ. ಯೂನಿಕೋಡ್ ಕನ್ನಡದ ಒಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಅಂದರೆ 2,000 ಸಂಕೇತಗಳ ಒಂದು ಪುಟ ಬರೀ 6 ಕೆಬಿ. ವಿಷಯ ಒಂದೇ, ಭಾರ ಮಾತ್ರ ಸಾವಿರಾರು ಪಟ್ಟು ವ್ಯತ್ಯಾಸ. ಹಾಗಾಗಿ ಎಲ್ಲದಕ್ಕೂ ವಿಡಿಯೋನೇ ಬೇಕಾ ಅಂತ ಮೊದಲು ಕೇಳ್ಕೋಬೇಕು.

ಇನ್ನೊಂದು ದಾರಿ, ಇಂಟರ್ನೆಟ್ ಇಲ್ಲದೆಯೂ ನಡೆಯೋ ಶಾಲಾ ಸರ್ವರ್. ಒಂದು ರಾಸ್ಪ್‌ಬೆರಿ ಪೈ ಮೇಲೆ ಕೋಲಿಬ್ರಿಯಂಥ ಉಚಿತ ತಂತ್ರಾಂಶ ಹಾಕಿ, ಪಾಠಗಳನ್ನು ಮೆಮೊರಿ ಕಾರ್ಡಿಗೆ ತುಂಬಿದರೆ ಶಾಲೆಯೊಳಗೇ ವೈಫೈ ಸಿಗುತ್ತೆ. ಅದಕ್ಕೆ 5 ವ್ಯಾಟ್ ಅಂತ ಹಿಡಿದರೆ 6 ಗಂಟೆಗೆ 30 ವ್ಯಾಟ್-ಅವರ್. ಯುಪಿಎಸ್‌ನಲ್ಲಿರೋ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇರುತ್ತೆ. ಅದರ ಅರ್ಧವೂ ಖಾಲಿಯಾಗಲ್ಲ. ಮೇಷ್ಟ್ರು ಖಾನಾಪುರಕ್ಕೆ ಬಂದಾಗ ಹೊಸ ಪಾಠ ಫೋನಿಗೆ ಇಳಿಸಿಕೊಂಡು, ಶಾಲೆಯಲ್ಲಿ ಸರ್ವರ್‌ಗೆ ಹಾಕಿದರಾಯ್ತು. ನಾವು ನೆಟ್‌ವರ್ಕ್ ಪಾಠದಲ್ಲಿ ಓದೋ ‘ಕೂಡಿಟ್ಟು ಸಾಗಿಸು’ ತತ್ವ ಇದೇ ಅಲ್ವಾ? ಇಲ್ಲಿ ಬಸ್ಸೇ ಕೇಬಲ್ಲು, ಅಷ್ಟೇ!

ಆದರೆ ಡಬ್ಬಿ ಇಟ್ಟು ಫೋಟೋ ತೆಗೆಸ್ಕೊಂಡು ಬಂದ್ರೆ ಕೆಲಸ ಮುಗಿಯಲ್ಲ. ಕಾರ್ಡು ಕೆಟ್ಟರೆ ಬದಲಿಸೋರು ಯಾರು, ಮೇಷ್ಟ್ರಿಗೆ ಕಲಿಸಿಕೊಡೋರು ಯಾರು, ಮರಾಠಿ ಮಾಧ್ಯಮದ ಪಾಠ ಎಲ್ಲಿಂದ, ಇವನ್ನೆಲ್ಲ ಮೊದಲೇ ಯೋಚಿಸಿರಬೇಕು. ಇಲ್ಲಾಂದ್ರೆ ಅದು ಬೀರುವಿನಲ್ಲಿ ಧೂಳು ತಿನ್ನುತ್ತೆ.

ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟ್ ಅಂದಾಗ ನಾವು ವಿಷಯಕ್ಕಾಗಿ ಊರೆಲ್ಲ ಹುಡುಕ್ತೀವಿ. ಗೆಳೆಯರೇ, ವಿಷಯ ಇಲ್ಲೇ ಒಂದು ತಾಸಿನ ಬಸ್ ದಾರಿಯಲ್ಲಿದೆ. ಮುಂದಿನ ಸಲ ಆ್ಯಪ್ ಬರೆದಾಗ ಕ್ಯಾಂಪಸ್ ವೈಫೈ ಆಫ್ ಮಾಡಿ, ಹಳೇ ಫೋನಲ್ಲಿ, ಕನ್ನಡದಲ್ಲಿ ಒಮ್ಮೆ ಪರೀಕ್ಷೆ ಮಾಡೋಣ. ಅಲ್ಲಿ ಪಾಸಾದ ಮೇಲೇ ಅದನ್ನು ಖಾನಾಪುರದ ಬಸ್ ಹತ್ತಿಸೋಣ.