ಎಲುಬಿನ ಆಯವ್ಯಯ

ಮುಪ್ಪೆಂದರೆ ನರೆತ ಕೂದಲು, ಸುಕ್ಕುಗಟ್ಟಿದ ಚರ್ಮ, ಬಾಗಿದ ಬೆನ್ನು ಎಂದು ತಲೆತಲಾಂತರದಿಂದ ಎಣಿಸುತ್ತ ಬಂದಿದ್ದೇವೆ. ಮೊದಲ ಎರಡನ್ನು ಕಾಲಧರ್ಮವೆಂದು ಒಪ್ಪಬಹುದು. ಮೂರನೆಯದಾದರೋ ಎಷ್ಟೋ ವೇಳೆ ಬೆನ್ನೆಲುಬಿನ ಮಣಿಗಳು ಸದ್ದಿಲ್ಲದೆ ಕುಸಿದುದರ ಕುರುಹು. ಅದು ವ್ಯಾಧಿ, ಬಹುಮಟ್ಟಿಗೆ ತಡೆಯಬಹುದಾದ ವ್ಯಾಧಿ.

ಎಲುಬು ಜೀವಂತವಾದ ವಸ್ತು. ಹಳೆಯದನ್ನು ಕರಗಿಸುವ ಜೀವಕಣಗಳೂ ಹೊಸದನ್ನು ಕಟ್ಟುವ ಜೀವಕಣಗಳೂ ಅದರೊಳಗೆ ಹಗಲಿರುಳು ದುಡಿಯುತ್ತಿರುತ್ತವೆ. ಬಾಲ್ಯ ಯೌವನಗಳಲ್ಲಿ ಕಟ್ಟುವ ಕೆಲಸದ್ದೇ ಮೇಲುಗೈ. ಸುಮಾರು 30ನೆಯ ವಯಸ್ಸಿಗೆ ಗಳಿಕೆ ಪೂರ್ಣವಾಗುತ್ತದೆ. ಅಲ್ಲಿಂದ ಮುಂದೆ ಕ್ರಮೇಣ ಆಯಕ್ಕಿಂತ ವ್ಯಯವೇ ಹೆಚ್ಚು. ಮುಟ್ಟು ನಿಂತ ಸ್ತ್ರೀಯರಲ್ಲಿ ಈಸ್ಟ್ರೋಜೆನ್ ಎಂಬ ಅಂತಃಸ್ರಾವ ಕುಂದುವುದರಿಂದ ಕೆಲವು ವರ್ಷಗಳ ಕಾಲ ಈ ಸವೆತ ತೀವ್ರವಾಗಿರುತ್ತದೆ. ಇವೆರಡರ ನಂಟನ್ನು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟನು. ಗಂಡಸರೂ ಇದಕ್ಕೆ ಹೊರತಲ್ಲ. ಅವರ ನಷ್ಟ ನಿಧಾನವಾದುದು.

ಮೂಳೆ ಮುರಿಯುವವರೆಗೆ ನೋವಿಲ್ಲದಿರುವುದೇ ಈ ವ್ಯಾಧಿಯ ಕಪಟ. ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಬಳಿ ಮೂಳೆ ಮುರಿದಾಗಲೇ ಅನೇಕರಿಗೆ ಅದರ ಅರಿವಾಗುವುದು. ಹಾಗೆ ಹಾಸಿಗೆ ಹಿಡಿದ ವೃದ್ಧರಲ್ಲಿ ಹಲವರು ಮತ್ತೆ ಮೊದಲಿನಂತೆ ನಡೆಯಲಾರರು. ಕೆಲವರು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಾರೆ.

ಹೊರುವ ಭಾರಕ್ಕೆ ತಕ್ಕಂತೆ ಎಲುಬು ತನ್ನ ರಚನೆಯನ್ನು ಮಾರ್ಪಡಿಸಿಕೊಳ್ಳುವುದೆಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದನು. ಭಾರವೇ ತಟ್ಟದ ಅಂತರಿಕ್ಷದಲ್ಲಿ ವ್ಯೋಮಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ನೂರರಲ್ಲಿ ಒಂದು ಪಾಲಿನಷ್ಟು ಸವೆಯುವುದು ಇದಕ್ಕೆ ಸಾಕ್ಷಿ. ಆದುದರಿಂದ ನಡಿಗೆ, ಮೆಟ್ಟಿಲೇರುವುದು, ಹದವಾಗಿ ಭಾರವೆತ್ತುವುದು ಇವೆಲ್ಲ ಎಲುಬಿಗೆ ಹಿತ. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಸುಣ್ಣಾಂಶ ಬೇಕು. ನಮ್ಮ ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಮಿಕ್ಕಿ ಅದು ಇದೆ; ಪಾಲಿಶ್ ಅಕ್ಕಿಯಲ್ಲಿ ಅತ್ಯಲ್ಪ. ಹಾಲು, ಮೊಸರು, ಸೊಪ್ಪುಗಳೂ ಜೊತೆಗಿರಲಿ. ತಿಂದ ಸುಣ್ಣಾಂಶ ಮೈಗೂಡಲು 'ಡಿ' ಜೀವಸತ್ವ ಅವಶ್ಯಕ. ಬಿಸಿಲು ಅದರ ಮುಖ್ಯ ಮೂಲ. ಹೊಗೆಸೊಪ್ಪು, ಮದ್ಯಗಳು ಎಲುಬಿಗೆ ಶತ್ರುಗಳು. ಮನೆಯಲ್ಲಿ ವೃದ್ಧರಿದ್ದರೆ ಬಚ್ಚಲಿನ ನೆಲ ಜಾರದಂತಿರಲಿ, ಇರುಳು ಓಡಾಡುವೆಡೆ ದೀಪವಿರಲಿ. ಎಲುಬಿನ ಸಾಂದ್ರತೆಯನ್ನು ಅಳೆಯುವ ಪರೀಕ್ಷೆಯೂ ಸವೆತವನ್ನು ತಡೆಯುವ ಔಷಧಗಳೂ ಇಂದು ಲಭ್ಯವಿವೆ.

ಆದರೂ ಈ ಗಂಟಿನ ದೊಡ್ಡ ಪಾಲು ಕೂಡುವುದು ಹದಿಹರೆಯದಲ್ಲಿ. ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವ, ಆಟದ ಬಯಲಿಗೆ ಇಳಿಯದ ಹುಡುಗಿ, ಐವತ್ತು ವರ್ಷಗಳಾಚೆಗಿನ ತನ್ನ ಬೆನ್ನಿನ ಬಲವನ್ನು ಇಂದೇ ಕಳೆದುಕೊಳ್ಳುತ್ತಿದ್ದಾಳೆ. ತಾಯ್ತಂದೆಯರೂ ಉಪಾಧ್ಯಾಯರೂ ಮೊದಲು ಗಮನಿಸಬೇಕಾದುದು ಅವಳ ತಟ್ಟೆಯನ್ನು.